ನಮ್ಮತ್ತೆಗೊಬ್ಬ ಶತ್ರು ಬೇಕಾಗಿತ್ತು

ಮನುಷ್ಯರಿಗೆ ಎಂತೆಂಥ ಕೊರಗುಗಳೋ ಇರುತ್ತವೆ. ಮಗನಿಗೆ ಹೆಣ್ಣು ಸಿಗಲಿಲ್ಲ ಎಂದು ಒಬ್ಬರಿಗೆ, ಕಾವೇರಿ ನೀರು ಮಹಡಿಗೆ ಹತ್ತುತ್ತಿಲ್ಲ ಎಂದು ಇನ್ನೊಬ್ಬರಿಗೆ. ನಮ್ಮ ಸೋದರತ್ತೆಯ ಕೊರಗು ಮಾತ್ರ ಬೇರೆಯೇ ಜಾತಿಯದು. ಹೇಳಿಕೊಳ್ಳಲು ತನಗೆ ಒಬ್ಬ ಶತ್ರುವೂ ಇಲ್ಲವಲ್ಲ ಎಂದು ಅವರು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ನಂಬುವುದು ಕಷ್ಟ, ಗೊತ್ತು. ಆದರೆ ಆ ವಾರ ಅವರ ಫೋನುಗಳನ್ನೆಲ್ಲ ಎತ್ತಿದವಳು ನಾನು.

ಅತ್ತೆ ಇರುವುದು ಹಲಸೂರಿನ ಪಕ್ಕದ ಜೋಗುಪಾಳ್ಯದಲ್ಲಿ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತರಾದವರು. ಅವರು ಈ ತುದಿಯಲ್ಲಿ ಕೆಮ್ಮಿದರೆ ಮೈದಾನದ ಆ ತುದಿಯ ಹುಡುಗಿಯರು ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದರಂತೆ. ಟೀಚರಿಗೇನೋ ನಿವೃತ್ತಿ ಸಿಕ್ಕಿತು, ದನಿಗೆ ಎಲ್ಲಿಯ ನಿವೃತ್ತಿ? ಅದು ಆ ಗಲ್ಲಿಯಲ್ಲೇ ಉಳಿಯಿತು. ತಳ್ಳುಗಾಡಿಯ ತರಕಾರಿಯವನು ಅವರ ಮನೆ ಹತ್ತಿರ ಬಂದಾಗ ಕೂಗುವುದನ್ನು ನಿಲ್ಲಿಸಿಬಿಡುತ್ತಾನೆ. ಅತ್ತೆ ಅಲ್ಲಿಂದಲೇ ಬೆಲೆ ಕೇಳಿದರೆ ಇಡೀ ಗಲ್ಲಿಗೆ ಸೊಪ್ಪು ಬಂದಿದೆಯೆಂದು ತಿಳಿಯುತ್ತದೆ.

ಇಂಥವರ ಕಿವಿಗೆ ಬೈಬಲಿನ ಶುಭಸಂದೇಶ ಬಿದ್ದರೆ ಏನಾಗಬೇಕು? ನನ್ನಂಥ ಸಾಧಾರಣ ಕಥೋಲಿಕರು ಭಾನುವಾರದ ಪೂಜೆಯಲ್ಲಿ ಶುಭಸಂದೇಶಕ್ಕೆ ಎದ್ದು ನಿಲ್ಲುತ್ತೇವೆ, ಫಾದರ್ ಅವರ ಪ್ರಬೋಧನೆಗೆ ಕೂರುತ್ತೇವೆ, ಕೂತೊಡನೆ ಮಧ್ಯಾಹ್ನಕ್ಕೆ ಏನು ಅಡುಗೆ ಎಂಬ ಧ್ಯಾನಕ್ಕಿಳಿಯುತ್ತೇವೆ. ಅತ್ತೆ ಹಾಗಲ್ಲ. ಅವರಿಗೆ ಅದು ಮೈದಾನದಲ್ಲಿ ಕೊಟ್ಟ ಆಜ್ಞೆ. ಕೇಳಿದ ಮೇಲೆ ಮಾಡಬೇಕು, ಅಷ್ಟೇ. ಒಂದು ಡಿಸೆಂಬರಿನಲ್ಲಿ ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂಬ ಭಾಗ ಬಂತು. ಪೂಜೆ ಮುಗಿಸಿ ಬಂದವರೇ ಮಾವನ ಎರಡು ಸ್ವೆಟರುಗಳಲ್ಲಿ ಒಳ್ಳೆಯದನ್ನು ತೆಗೆದು ಗಲ್ಲಿಯ ಮೂಲೆಯಲ್ಲಿ ಮಲಗುವ ವಾಚ್‌ಮನ್‌ಗೆ ಕೊಟ್ಟುಬಂದರು. ಮಾವ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಮೆಷಿನ್ನುಗಳ ಸದ್ದಿನಲ್ಲೇ ವಯಸ್ಸು ಕಳೆದದ್ದರಿಂದಲೋ ಅತ್ತೆಯ ಜೊತೆ ಕಳೆದದ್ದರಿಂದಲೋ ಮಾತು ಬಹಳ ಕಡಿಮೆ. ಅಂಥವರೂ ಆವತ್ತು ತಡೆಯಲಾರದೆ, ನಿನ್ನ ಸ್ವೆಟರ್ ಯಾಕೆ ಕೊಡಲಿಲ್ಲ ಎಂದು ಕೇಳಿದರಂತೆ.

“ಎರಡು ಇರೋರು ಕೊಡ್ಲಿ ಅಂತ ಇದೆ. ನನ್ನ ಹತ್ರ ಮೂರಿದೆ” ಎಂದರು ಅತ್ತೆ.

ಈಗ ಶತ್ರುವಿನ ವಿಷಯ. ಫೆಬ್ರವರಿಯ ಒಂದು ಭಾನುವಾರ, ಈಸ್ಟರ್ ಎನ್ನುವ ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ, ಶತ್ರುಗಳನ್ನು ಪ್ರೀತಿಸಬೇಕೆಂಬ ಶುಭಸಂದೇಶ ಓದಿದರು. ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಫಾದರ್ ಪ್ರಬೋಧನೆಯಲ್ಲಿ, ಎಲ್ಲರೂ ಕಣ್ಣು ಮುಚ್ಚಿ ತಮ್ಮ ಒಬ್ಬ ಶತ್ರುವನ್ನು ನೆನೆಯಿರಿ, ಈ ವಾರ ಅವರಿಗೊಂದು ಒಳ್ಳೆಯದನ್ನು ಮಾಡಿ ಎಂದರು. ಸುತ್ತಮುತ್ತಲಿನವರೆಲ್ಲ ಕಣ್ಣು ಮುಚ್ಚಿದ ತಕ್ಷಣ ಮುಖ ಗಂಟಿಕ್ಕಿಕೊಂಡರು, ಅಂದರೆ ಅವರವರಿಗೆ ಬೇಕಾದವರು ಸಿಕ್ಕಿದ್ದರು. ಅತ್ತೆಗೆ ಮಾತ್ರ ಎಷ್ಟು ಹುಡುಕಿದರೂ ಯಾರೂ ಸಿಗಲಿಲ್ಲ. ಪೂಜೆ ಮುಗಿಯಿತು, ಅತ್ತೆಯ ಕಣ್ಣು ಮುಚ್ಚಿಯೇ ಇತ್ತು. ನಿದ್ದೆ ಬಂದಿದೆ ಎಂದುಕೊಂಡು ಮಾವ ತಟ್ಟಿ ಎಬ್ಬಿಸಿದರು.

ಮಾರನೆಯ ದಿನದಿಂದ ತನಿಖೆ. ನಾನು ಗರುಡಾಚಾರ್‌ಪಾಳ್ಯದ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮೀಟಿಂಗ್ ನಡುವೆ ಅತ್ತೆಯ ಫೋನು. ನನಗೆ ಅವರ ಮೇಲೆ ಏನಾದರೂ ದ್ವೇಷವಿದೆಯೇ ಎಂದು ಕೇಳಿದರು. ಗಾಬರಿಯಾಗಿ ಇಲ್ಲವೆಂದೆ. ಚಿಕ್ಕಂದಿನಲ್ಲಿ ಬೆಳಿಗ್ಗೆ ಎಬ್ಬಿಸಿ ಓಡಿಸುತ್ತಿದ್ದೆನಲ್ಲ, ಅದಕ್ಕೆ ಸ್ವಲ್ಪವಾದರೂ ಇರಬೇಕಲ್ಲ ಎಂದರು. ಆಗ ಇತ್ತು, ಈಗಿಲ್ಲ ಎಂದೆ.

“ಅವಸರ ಬೇಡ. ಚೆನ್ನಾಗಿ ಯೋಚನೆ ಮಾಡಿ ಸಾಯಂಕಾಲ ಹೇಳು” ಎಂದು ಇಟ್ಟುಬಿಟ್ಟರು.

ಹೀಗೆ ನಮ್ಮ ಬಳಗದಲ್ಲಿ ಎಲ್ಲರಿಗೂ ಫೋನು ಹೋಯಿತು. ಯಾರೂ ಒಪ್ಪಿಕೊಳ್ಳಲಿಲ್ಲ. ಯಾರಿಗೆ ತಾನೇ ಧೈರ್ಯ? ಕೊನೆಗೆ ಅತ್ತೆಯ ಕಣ್ಣು ಎದುರುಮನೆಯ ಪಿಳ್ಳಪ್ಪನವರ ಮೇಲೆ ಬಿತ್ತು. ಪಿಳ್ಳಪ್ಪನವರು ಹಳೇ ಊರಿನ ಮನುಷ್ಯ. ಅವರ ತಾತನ ಕಾಲದಲ್ಲಿ ಅಲ್ಲೆಲ್ಲ ಅವರದೇ ತೋಟವಿತ್ತಂತೆ, ಈಗ ನಾಲ್ಕು ಬಾಡಿಗೆ ಮನೆಗಳಿವೆ. ಬೆಳಿಗ್ಗೆ ಎದ್ದು ಜಗಲಿಯ ಮೇಲೆ ಕೂತು ದಾರಿಯಲ್ಲಿ ಹೋಗುವ ಎಲ್ಲರಿಗೂ ಬೈಯುವುದು ಅವರ ವ್ಯಾಯಾಮ. ಅತ್ತೆಯ ನುಗ್ಗೆಮರದ ಎಲೆ ಹಾರಿಹೋಗಿ ಅವರ ಬಾಗಿಲಿಗೆ ಬೀಳುತ್ತಿದ್ದುದರಿಂದ ಅತ್ತೆಗೂ ಆಗಾಗ ಒಂದು ಪಾಲು ಸಿಗುತ್ತಿತ್ತು. ಅತ್ತೆ ನೇರವಾಗಿ ರಸ್ತೆ ದಾಟಿ ಹೋಗಿ, ನೀವು ನನ್ನ ಶತ್ರುವೇ ಎಂದು ಕೇಳಿದರು. ಪಿಳ್ಳಪ್ಪನವರು ಪೇಪರ್ ಮಡಚಿ ಎದ್ದುನಿಂತರು.

“ಇಲ್ವಲ್ಲ ಟೀಚರಮ್ಮ. ಯಾಕೆ, ಏನಾಯ್ತು?”

“ಮೊನ್ನೆ ಬೈದ್ರಲ್ಲ?”

“ಅದು ಎಲೆಗೆ ಬೈದಿದ್ದು.”

ಅತ್ತೆಗೆ ನಿರಾಸೆಯಾಯಿತು. ಆದರೂ ಬಿಡಲಿಲ್ಲ. ಬೇರೆ ಯಾರೂ ಸಿಗುವ ಹಾಗಿಲ್ಲ, ಸದ್ಯಕ್ಕೆ ನಿಮ್ಮನ್ನೇ ಇಟ್ಟುಕೊಳ್ಳುತ್ತೇನೆ ಎಂದು ಹೇಳಿ ಬಂದರು. ಆ ಬಡಪಾಯಿ ಏನನ್ನು ಎಲ್ಲಿ ಇಟ್ಟುಕೊಳ್ಳುತ್ತಾರೋ ತಿಳಿಯದೆ ಇಡೀ ದಿನ ಒಳಗೇ ಕೂತಿದ್ದರಂತೆ.

ಪ್ರೀತಿ ಮರುದಿನ ನಸುಕಿನಲ್ಲಿ ಆರಂಭವಾಯಿತು. ಶತ್ರುವಿಗೆ ಒಳ್ಳೆಯದನ್ನು ಮಾಡಬೇಕಲ್ಲ, ಅವರ ಬಾಗಿಲಿಗೆ ಬಿದ್ದ ಎಲೆಯನ್ನು ತಾನೇ ಗುಡಿಸುವುದೆಂದು ಅತ್ತೆ ತೀರ್ಮಾನಿಸಿದರು. ಪೊರಕೆ ಹಿಡಿದು ಹೋಗಿ, ಶಾಲೆಯ ಮೈದಾನ ಗುಡಿಸಿದ ರಭಸದಲ್ಲಿ ಆ ತುದಿಯಿಂದ ಈ ತುದಿಯವರೆಗೆ ಗುಡಿಸಿ ಬಂದರು. ಇನ್ನೂ ಕತ್ತಲಿದ್ದುದರಿಂದ, ಪಿಳ್ಳಪ್ಪನವರ ಸೊಸೆ ಹಬ್ಬಕ್ಕೆಂದು ಆಗಷ್ಟೇ ಇಟ್ಟುಹೋಗಿದ್ದ ದೊಡ್ಡ ರಂಗೋಲಿ ಅವರಿಗೆ ಕಾಣಲಿಲ್ಲ. ಬೆಳಕು ಹರಿದಾಗ ಆ ಮನೆಯಲ್ಲಿ ಎದ್ದ ಗಲಾಟೆಗೆ ಹಲಸೂರು ಕೆರೆಯ ಹಕ್ಕಿಗಳೂ ಹಾರಿರಬೇಕು. ಹಬ್ಬದ ದಿನ ರಂಗೋಲಿ ಅಳಿಸಿದವರು ಯಾರು, ಯಾಕೆ, ಯಾವ ಉದ್ದೇಶದಿಂದ? ಅತ್ತೆ ಬಾಗಿಲಿಗೆ ಬಂದು, ನಾನೇ ಎಂದರು. ಸೊಸೆ ಮಾತು ಬಿಟ್ಟಳು. ಪಿಳ್ಳಪ್ಪನವರು ಈ ಸಲ ಎಲೆಯನ್ನು ಬಿಟ್ಟು ನೇರವಾಗಿ ಅತ್ತೆಗೇ ಬೈದರು.

ಸಾಯಂಕಾಲ ಅತ್ತೆ ನನಗೆ ಫೋನ್ ಮಾಡಿದಾಗ ದನಿಯಲ್ಲಿ ನೆಮ್ಮದಿಯಿತ್ತು. ಈಗ ಸರಿಯಾಗಿ ಶತ್ರುಗಳಾದರು, ಇನ್ನು ಪ್ರೀತಿಸಬಹುದು ಎಂದರು.

ಮುಂದಿನ ಹೆಜ್ಜೆ ಪ್ರಾರ್ಥನೆ. ಭಾನುವಾರದ ಪೂಜೆಯಲ್ಲಿ ಪಿಳ್ಳಪ್ಪನವರ ಹೆಸರು ಹೇಳಿ ಪ್ರಾರ್ಥಿಸಲೆಂದು ಕೋರಿಕೆ ಕೊಡಲು ಅತ್ತೆ, ಅದನ್ನೆಲ್ಲ ಬರೆದುಕೊಳ್ಳುವ ದೇವಾಲಯದ ಉಪದೇಶಿಯವರ ಹತ್ತಿರ ಹೋದರು. ಅವರು ವಯಸ್ಸಾದವರು, ಕಿವಿ ಮಂದ, ಆದರೆ ಅತ್ತೆಯ ದನಿಗೆ ಅದೊಂದು ಅಡ್ಡಿಯಲ್ಲ. ತಪ್ಪಾದದ್ದು ವ್ಯಾಕರಣದಲ್ಲಿ. ಯಾರಮ್ಮ ಇವರು ಎಂದು ಕೇಳಿದ್ದಕ್ಕೆ ಅತ್ತೆ, ರಂಗೋಲಿಯ ಬೇಸರ ಇನ್ನೂ ಮನಸ್ಸಿನಲ್ಲಿದ್ದುದರಿಂದ, “ನಮ್ಮ ಎದುರುಮನೆಯವರು, ತುಂಬಾ ಒಳ್ಳೆಯವರಾಗಿದ್ರು” ಎಂದುಬಿಟ್ಟರು. ಉಪದೇಶಿಯವರು ನಿಟ್ಟುಸಿರು ಬಿಟ್ಟು, ಹೆಸರನ್ನು ಅಗಲಿದವರ ಪಟ್ಟಿಗೆ ಸೇರಿಸಿಕೊಂಡರು.

ಭಾನುವಾರ ಅತ್ತೆ ಮೊದಲನೆಯ ಪೂಜೆಗೆ ಹೋಗಿ ಬಂದಿದ್ದರು. ಎರಡನೆಯ ಪೂಜೆಯಲ್ಲಿ ಜೋಗುಪಾಳ್ಯದ ಪಿಳ್ಳಪ್ಪನವರ ಆತ್ಮಶಾಂತಿಗಾಗಿ ಎಂದು ಮೈಕಿನಲ್ಲಿ ಕೇಳಿತು. ಅದೇ ಗಲ್ಲಿಯಿಂದ ಪೂಜೆಗೆ ಹೋಗಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಯಿ ಜೋರಾದರೂ ಮನುಷ್ಯ ಕೆಟ್ಟವರಲ್ಲ ಎಂದುಕೊಂಡರು. ಬರುವಾಗ ಹಲಸೂರು ಮಾರ್ಕೆಟ್ಟಿನಲ್ಲಿ ಒಂದು ದೊಡ್ಡ ಸೇವಂತಿಗೆ ಹಾರ ಕೊಂಡು, ಸೆರಗು ತಲೆಯ ಮೇಲಿಟ್ಟುಕೊಂಡೇ ಎದುರುಮನೆಗೆ ಬಂದರು. ಜಗಲಿಯ ಮೇಲೆ ಪಿಳ್ಳಪ್ಪನವರೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು.

ವಿಷಯ ತಿಳಿದ ಮೇಲೆ ಅವರು ಆ ಹಾರವನ್ನು ಹಿಡಿದುಕೊಂಡೇ ಅತ್ತೆಯ ಮನೆಗೆ ನುಗ್ಗಿದರು. ಬದುಕಿರುವವನನ್ನು ಸಾಯಿಸುವುದಕ್ಕೆ ನೀವ್ಯಾರು ಎಂದು ಒಂದೇ ಸಮನೆ ಕೂಗಿದರು. ಅತ್ತೆ ಒಳಗೆ ಹೋಗಿ ಕಾಫಿ ತಂದಿಟ್ಟರು. ಕೂಗುವವರಿಗೆ ಗಂಟಲು ಒಣಗುವುದು ಸಹಜ. ಪಿಳ್ಳಪ್ಪನವರು ಕುಡಿದರು, ಮತ್ತೆ ಕೂಗಿದರು, ಮತ್ತೆ ಕುಡಿದರು. ಮಾರನೆಯ ದಿನ ಉಳಿದದ್ದನ್ನು ಬೈಯಲು ಅದೇ ಹೊತ್ತಿಗೆ ಬಂದರು. ಮೂರನೆಯ ದಿನ ಬೈಯಲು ಏನೂ ಉಳಿದಿರಲಿಲ್ಲ. ನಿಮ್ಮ ಕಾಫಿಗೆ ಚಿಕೋರಿ ಜಾಸ್ತಿ ಎಂದು ಬೈದು, ಎರಡನೆಯ ಲೋಟ ಕೇಳಿದರು. ಆಮೇಲೆ ದಿನವೂ ಬರತೊಡಗಿದರು. ಮಾವನಿಗೆ ಜೊತೆಗೆ ಪೇಪರ್ ಓದುವವರೊಬ್ಬರು ಸಿಕ್ಕಂತಾಯಿತು, ಸೊಸೆಯೂ ಮಾತಾಡಿಸಿದಳು. ಅತ್ತೆಗೆ ಮಾತ್ರ ಚಿಂತೆ. ಇದ್ದ ಒಬ್ಬ ಶತ್ರುವೂ ಕೈಬಿಟ್ಟುಹೋಗಿದ್ದರು.

ಇದನ್ನೆಲ್ಲ ಅತ್ತೆಯೇ ನಮ್ಮ ಮನೆಯಲ್ಲಿ ಹೇಳಿದ್ದು. ನಾವಿರುವುದು ಮಾರತ್ತಹಳ್ಳಿಯಲ್ಲಿ. ಅಮ್ಮನ ಹುಟ್ಟುಹಬ್ಬಕ್ಕೆಂದು ಒಂದು ಭಾನುವಾರ ಅತ್ತೆ, ಮಾವ ಊಟಕ್ಕೆ ಬಂದಿದ್ದರು. ತಪಸ್ಸುಕಾಲವಾದ್ದರಿಂದ ಕೋಳಿಯಿಲ್ಲ, ಪಾಯಸವೂ ಬೇಡವೆಂದು ಅತ್ತೆಯೇ ಮೊದಲು ಆಜ್ಞೆ ಮಾಡಿದ್ದರು. ರಂಗೋಲಿ, ಹಾರ, ಉಪ್ಪಿಟ್ಟು ಎಲ್ಲ ಕೇಳಿ ನಾವು ನಕ್ಕು ಸುಸ್ತಾದೆವು. ಕೊನೆಗೆ ಅತ್ತೆ, ಇನ್ನು ಪ್ರೀತಿಸಲು ನನಗೆ ಯಾರೂ ಇಲ್ಲವಲ್ಲ ಎಂದರು.

ಮಾವ ತಟ್ಟೆಯಿಂದ ಕಣ್ಣೆತ್ತದೆ, “ನಿನ್ನ ತಂಗಿ ಇದ್ದಾಳಲ್ಲ” ಎಂದರು.

ನಮ್ಮ ನಗು ನಿಂತುಹೋಯಿತು. ಅತ್ತೆ ಸಾರಿನ ಪಾತ್ರೆಯನ್ನು ಸ್ವಲ್ಪ ಆಚೆಗೆ ಸರಿಸಿದರು.

“ಅವಳು ಶತ್ರು ಅಲ್ಲ. ಅವಳು ನನಗೆ ಏನೂ ಅಲ್ಲ.”

ಇಲ್ಲಿ ನನ್ನ ಚಿಕ್ಕತ್ತೆಯ ಬಗ್ಗೆ ಹೇಳಬೇಕು. ನನ್ನ ಅಪ್ಪನಿಗೆ ಇಬ್ಬರು ತಂಗಿಯರು, ದೊಡ್ಡವರು ಅತ್ತೆ, ಚಿಕ್ಕವರು ಚಿಕ್ಕತ್ತೆ. ಅಜ್ಜಿ ಬೇಗ ತೀರಿಕೊಂಡದ್ದರಿಂದ ಚಿಕ್ಕತ್ತೆಯನ್ನು ಬೆಳೆಸಿದ್ದು ಅತ್ತೆಯೇ. ಹುಡುಗಿಯ ಕಾಲಲ್ಲಿ ಓಟವಿದೆ ಎಂದು ಕಂಡಿದ್ದೇ ತಡ, ದಿನವೂ ಬೆಳಿಗ್ಗೆ ಸಂಜೆ ತಾನೇ ನಿಂತು ತರಬೇತಿ ಕೊಟ್ಟರು. ಚಿಕ್ಕತ್ತೆ ರಾಜ್ಯಮಟ್ಟದ ಪಂದ್ಯಕ್ಕೆ ಆಯ್ಕೆಯಾದರು. ಪಂದ್ಯದ ದಿನ ಅತ್ತೆ ತಂಗಿಯ ಬೂಟುಗಳನ್ನು ಹಿಡಿದು ಸ್ಟೇಡಿಯಮ್ಮಿನ ಬಾಗಿಲಲ್ಲಿ ಕಾದರು. ಚಿಕ್ಕತ್ತೆ ಬರಲಿಲ್ಲ. ಅವರು ಆ ಹೊತ್ತಿನಲ್ಲಿ ರಿಜಿಸ್ಟ್ರಾರ್ ಕಚೇರಿಯಲ್ಲಿ, ಕೆ.ಆರ್. ಪುರದ ಹಿಂದೂ ಹುಡುಗನೊಬ್ಬನನ್ನು ಮದುವೆಯಾಗುತ್ತಿದ್ದರು. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಮದುವೆ ಸಮಾರಂಭಗಳಲ್ಲಿ ಒಬ್ಬರು ದೇವಾಲಯಕ್ಕೆ ಬಂದರೆ ಇನ್ನೊಬ್ಬರು ಛತ್ರಕ್ಕೆ ಬರುವಂತೆ ನಾವೇ ಪಾಳಿ ಹಾಕಿಕೊಳ್ಳುತ್ತಿದ್ದೆವು. ಅಪ್ಪನ ಮಣ್ಣಿನ ದಿನ ಪಾಳಿ ಹಾಕಲಾಗಲಿಲ್ಲ. ಪೆಟ್ಟಿಗೆಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು ಒಬ್ಬನೇ ಅಣ್ಣನಿಗಾಗಿ ಅತ್ತರು, ಒಬ್ಬರನ್ನೊಬ್ಬರು ನೋಡದೆ.

ಊಟ ಮುಗಿಸಿ ಅತ್ತೆ ಮಾವನನ್ನೂ ಕಾಯದೆ ಹೊರಟುಹೋದರು. ಮಾವನ ಮೇಲೆ ಸಿಟ್ಟಾಗಿರಬೇಕೆಂದು ನಾವೆಲ್ಲ ಹೆದರಿದೆವು. ಶುಕ್ರವಾರ ನನಗೆ ಫೋನು ಬಂತು. ನಾಳೆ ರಜೆ ತಾನೇ, ಹಲಸೂರು ಮೆಟ್ರೋ ಹತ್ತಿರ ಬಾ, ಕೆ.ಆರ್. ಪುರಕ್ಕೆ ಹೋಗಬೇಕು ಎಂದರು. ನಿಮಗೆ ಮನಸ್ಸಿದೆಯೇ ಎಂದು ಕೇಳಿದೆ.

“ಮನಸ್ಸಿದ್ರೆ ಮಾಡಿ ಅಂತ ಎಲ್ಲೂ ಬರ್ದಿಲ್ಲ. ಮಾಡಿ ಅಂತ ಇದೆ.”

ಚಿಕ್ಕತ್ತೆಯ ಗಂಡನದು ಕೆ.ಆರ್. ಪುರದ ಹಳೇ ಬೀದಿಯಲ್ಲೊಂದು ಫ್ಲೋರ್ ಮಿಲ್. ಕೆಳಗೆ ಮಿಲ್ಲು, ಎರಡನೆಯ ಮಹಡಿಯಲ್ಲಿ ಮನೆ. ಮಿಲ್ಲು ಓಡುವಾಗ ಇಡೀ ಕಟ್ಟಡ ನಡುಗುತ್ತದೆ, ಅಡುಗೆಮನೆಯ ಲೋಟಗಳು ತಾವೇ ಸಾಲಿನಲ್ಲಿ ಮುಂದೆ ಸರಿಯುತ್ತವೆ. ಜೀವಮಾನವೆಲ್ಲ ಬೇರೆಯವರನ್ನು ಓಡಿಸಿದ ಅತ್ತೆಯ ಮಂಡಿಗಳು ಈಗ ಮೆಟ್ಟಿಲಿಗೆ ಒಗ್ಗುವುದಿಲ್ಲ. ಕಂಬಿ ಹಿಡಿದು, ನನ್ನ ಕೈ ಬೇಡವೆಂದು ತಳ್ಳಿ, ಮೇಲೆ ಹತ್ತಿದರು. ಚಿಕ್ಕತ್ತೆ ಬಾಗಿಲು ತೆಗೆದು ಹಾಗೇ ನಿಂತರು. ಅವರ ತಲೆಯಲ್ಲೂ ಬಿಳಿ ಕೂದಲು ಬಂದಿತ್ತು.

“ಯಾಕೆ ಬಂದೆ?”

ಬೇರೆ ಯಾರಾದರೂ ಆಗಿದ್ದರೆ ನೋಡಬೇಕೆನಿಸಿತು ಎನ್ನುತ್ತಿದ್ದರು. ಅತ್ತೆ, “ಶತ್ರುಗಳನ್ನ ಪ್ರೀತಿಸ್ಬೇಕು ಅಂತ ಇದೆ, ಅದಕ್ಕೆ ಬಂದೆ” ಎಂದರು.

ಬಾಗಿಲು ಮುಚ್ಚಿಕೊಂಡಿತು. ಹಿಂತಿರುಗುವಾಗ ಮೆಟ್ರೋದಲ್ಲಿ ನಾನು ಅತ್ತೆಯನ್ನು ಬೈದೆ. ಸುಳ್ಳು ಹೇಳಬೇಕಿತ್ತೇ ಎಂದು ಅವರು ಕೇಳಿದರು. ಬೆನ್ನಿಗನಹಳ್ಳಿ ದಾಟಿದ ಮೇಲೆ, ಮುಂದಿನ ಶನಿವಾರ ಇನ್ನೂ ಸ್ವಲ್ಪ ಬೇಗ ಬಾ ಎಂದರು.

ಎರಡನೆಯ ಶನಿವಾರ ಮೇಲಿನ ಬಾಗಿಲು ತೆರೆಯಲೇ ಇಲ್ಲ. ಚಿಕ್ಕತ್ತೆಯ ಗಂಡ ಒಳ್ಳೆಯ ಮನುಷ್ಯ. ಮಿಲ್ಲಿನಲ್ಲೇ ಎರಡು ಕುರ್ಚಿ ಹಾಕಿ, ನೀರು ಕೊಟ್ಟು, ನಾನು ಒಂದು ಮಾತು ಹೇಳಿ ನೋಡುತ್ತೇನೆ ಎಂದು ಮೇಲೆ ಹೋಗಿ, ಹೋದಷ್ಟೇ ಬೇಗ ಕೆಳಗೆ ಬಂದರು. ಅತ್ತೆ ರಾಗಿ, ಗೋಧಿ ಚೀಲಗಳ ನಡುವೆ ನೆಟ್ಟಗೆ ಕೂತರು. ಬೀಸಲು ಬಂದವರೆಲ್ಲ ಅವರನ್ನು ಸಾಲಿನಲ್ಲಿ ಮೊದಲನೆಯವರೆಂದುಕೊಂಡು, ಏನು ತಂದಿದ್ದೀರಿ ಎಂದು ಕೇಳುತ್ತಿದ್ದರು. ಏನೂ ತಂದಿಲ್ಲ, ಕಾಯುತ್ತಿದ್ದೇನೆ ಎಂದರು ಅತ್ತೆ. ಹೊರಡುವ ಹೊತ್ತಿಗೆ ಅವರ ಹುಬ್ಬುಗಳೂ ಬಿಳಿಯಾಗಿದ್ದವು. ಮನೆಗೆ ಹೋದಾಗ ಮಾವ ಹೌಹಾರಿ ಕನ್ನಡಕ ಹುಡುಕಿದರಂತೆ.

ಅದರ ಮುಂದಿನ ಶನಿವಾರವೂ ಅಷ್ಟೇ. ನನಗೆ ಸಾಕಾಗಿಹೋಗಿತ್ತು. ಒಬ್ಬರು ಬೇಡವೆಂದ ಮೇಲೆ ಬಿಟ್ಟುಬಿಡುವುದೂ ಒಂದು ಮರ್ಯಾದೆ ಅಲ್ಲವೇ ಎಂದು ವಾದಿಸಿದೆ. ಅತ್ತೆ ವಾದಕ್ಕೆ ಬರಲಿಲ್ಲ. ಅವಳು ಬೇಡ ಎಂದು ಬಾಯಿಬಿಟ್ಟು ಹೇಳಲಿ, ಆಮೇಲೆ ನೋಡೋಣ ಎಂದರು. ಮೆಟ್ಟಿಲ ಬುಡದಲ್ಲಿ ನಿಂತು ಮಂಡಿ ಒತ್ತಿಕೊಳ್ಳುತ್ತಿದ್ದುದನ್ನು ನಾನು ನೋಡಿದೆ. ಮೇಲಿನ ಬಾಲ್ಕನಿಯಿಂದ ಇನ್ನೊಬ್ಬರೂ ನೋಡುತ್ತಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು.

ಪಾಸ್ಕ ಹಬ್ಬ ಹತ್ತಿರವಾದ ಶನಿವಾರ ನಾವು ಹೋದಾಗ ಬಾಗಿಲು ತೆರೆದೇ ಇತ್ತು. ಚಿಕ್ಕತ್ತೆ ಬನ್ನಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅತ್ತೆ ದಿವಾನಿನ ತುದಿಯಲ್ಲಿ ಕೂತರು. ಕೆಳಗೆ ಮಿಲ್ಲು ಓಡುತ್ತಿದ್ದುದರಿಂದ ಮೊದಲ ಮಾತುಗಳನ್ನು ಇಬ್ಬರೂ ಕೂಗಿಯೇ ಆಡಬೇಕಾಯಿತು, ಕೇಳಿದವರಿಗೆ ಜಗಳವೆನಿಸುವಂತೆ. ಸ್ವಲ್ಪ ಹೊತ್ತಿಗೆ ಅದು ಜಗಳವೇ ಆಯಿತು. ನಡುವೆ ಮಿಲ್ಲು ನಿಂತಿತು. ಅತ್ತೆಯ ದನಿ ಒಮ್ಮೆಗೇ ಇಳಿಯಿತು.

“ಆವತ್ತು ಕತ್ತಲಾಗೋವರ್ಗೂ ಕಾದೆ. ನಿನಗೆ ಏನೋ ಆಗಿದೆ ಅಂದ್ಕೊಂಡು ಶಿವಾಜಿನಗರದ ಆಸ್ಪತ್ರೆಗೆಲ್ಲ ಹೋಗಿ ಹುಡುಕ್ದೆ. ಮದ್ವೆ ಮಾಡ್ಕೊಂಡಿದ್ದಕ್ಕಲ್ಲ ಕೋಪ. ನನಗೊಂದು ಮಾತು ಹೇಳ್ಲಿಲ್ವಲ್ಲ.”

ಆಸ್ಪತ್ರೆಯ ವಿಷಯ ಚಿಕ್ಕತ್ತೆಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. “ಹೇಳಿದ್ರೆ ಬಿಡ್ತಿದ್ಯಾ?” ಎಂದರು ಚಿಕ್ಕತ್ತೆ.

ರಾಜಿ ಮಾಡಿಕೊಳ್ಳಲು ಬಂದವರು ಇಲ್ಲಿ ಹೂಂ ಎನ್ನಬೇಕು. ನಾನು ಕಣ್ಣಲ್ಲೇ ಅತ್ತೆಗೆ ಹೇಳಿದೆ. ಅತ್ತೆ ಪ್ರಾಮಾಣಿಕವಾಗಿ ಯೋಚಿಸಿದರು.

“ಇಲ್ಲ. ರೂಮಲ್ಲಿ ಕೂಡಿ ಬೀಗ ಹಾಕ್ತಿದ್ದೆ.”

ಚಿಕ್ಕತ್ತೆಗೆ ನಗು ಬಂತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ನಗುತ್ತಲೇ ಕಣ್ಣು ಒರೆಸಿಕೊಂಡು, ತನಗೆ ಓಡುವುದು ಎಂದೂ ಇಷ್ಟವಿರಲಿಲ್ಲ, ಒಂದು ದಿನವೂ ಇರಲಿಲ್ಲ ಎಂದು ಹೇಳಿದರು. ಅತ್ತೆ ದಂಗಾಗಿ ಕೂತರು. ಮದುವೆಗಿಂತ ಈ ಸುದ್ದಿ ಅವರನ್ನು ಹೆಚ್ಚು ಅಲ್ಲಾಡಿಸಿತು.

“ಅಷ್ಟು ಚೆನ್ನಾಗಿ ಓಡ್ತಿದ್ಯಲ್ಲೇ.”

“ಹಿಂದೆ ನೀನು ವಿಸಲ್ ಊದ್ಕೊಂಡು ಬರ್ತಿದ್ದೆ. ಓಡ್ದೆ ಇನ್ನೇನು ಮಾಡ್ಲಿ?”

ಅತ್ತೆ ಶಾಲೆಯ ಪ್ರಾರ್ಥನೆಯಲ್ಲಿ ಎದ್ದು ನಿಲ್ಲುವ ಹಾಗೆ ಆ ನೋಯುವ ಮಂಡಿಗಳ ಮೇಲೆ ಎದ್ದು ನಿಂತು, ತಪ್ಪಾಯಿತು ಎಂದರು. ನಮ್ಮತ್ತೆಯ ಬಾಯಲ್ಲಿ ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು. ಚಿಕ್ಕತ್ತೆ ಒಳಗೆ ಹೋಗಿ ತಟ್ಟೆ ಹಾಕಿದರು. ಮುದ್ದೆ, ಹುರುಳಿಕಾಳಿನ ಬಸ್ಸಾರು. ಅತ್ತೆ ಎರಡು ಸಲ ಸಾರು ಹಾಕಿಸಿಕೊಂಡರು, ಉಪ್ಪು ಸ್ವಲ್ಪ ಕಡಿಮೆ ಎಂದೂ ಹೇಳಿದರು.

ಊಟವಾದ ಮೇಲೆ ನಾನೂ ಚಿಕ್ಕತ್ತೆಯೂ ಪಾತ್ರೆ ತೊಳೆದು ಬರುವಷ್ಟರಲ್ಲಿ ಅತ್ತೆ ಗೋಡೆಗೆ ತಲೆ ಆನಿಸಿ ಕೂತಲ್ಲೇ ನಿದ್ದೆಹೋಗಿದ್ದರು. ಬೇರೆಯವರ ಮನೆಯಲ್ಲಿ ಎಂದೂ ಕಣ್ಣು ಮುಚ್ಚದವರು, ಬಾಯಿ ಸ್ವಲ್ಪ ತೆರೆದು, ಚಿಕ್ಕ ಹುಡುಗಿಯ ಹಾಗೆ. ಚಿಕ್ಕತ್ತೆ ಮೆಲ್ಲಗೆ ಅವರ ತಲೆಯ ಹಿಂದೆ ಒಂದು ದಿಂಬು ಇಟ್ಟರು. ಅಷ್ಟರಲ್ಲಿ ಕೆಳಗೆ ಮಿಲ್ಲು ಮತ್ತೆ ಗುಡುಗಿತು. ಅತ್ತೆಯ ರೆಪ್ಪೆ ಅದುರಿತು.

ಚಿಕ್ಕತ್ತೆ ಬಾಲ್ಕನಿಗೆ ಓಡಿದರು. ಕೆಳಗೆ ಶನಿವಾರದ ಸಾಲು, ಡಬ್ಬ ಚೀಲ ಹಿಡಿದ ಜನ ರಸ್ತೆಯವರೆಗೆ ನಿಂತಿದ್ದರು. ಗಂಡನನ್ನು ಕರೆದು ಮಿಲ್ಲು ನಿಲ್ಲಿಸುವಂತೆ ಕೈಸನ್ನೆ ಮಾಡಿದರು. ಅವರು ಹೊರಗೆ ಬಂದು ಸಾಲನ್ನು ತೋರಿಸಿ, ಹೇಗೆ ನಿಲ್ಲಿಸಲಿ ಎಂಬಂತೆ ಕೈ ತಿರುಗಿಸಿದರು.

“ನಿಲ್ಸಿ ಅಂದೆ ಅಲ್ವಾ. ನಮ್ಮಕ್ಕ ಮಲಗಿದಾಳೆ.”

ಮಿಲ್ಲು ನಿಂತಿತು. ಸಾಲಿನಲ್ಲಿದ್ದವರೆಲ್ಲ ಒಮ್ಮೆ ತಲೆಯೆತ್ತಿ ಮೇಲೆ ನೋಡಿದರು, ಆಮೇಲೆ ತಂತಮ್ಮ ಚೀಲಗಳನ್ನು ಸದ್ದಾಗದ ಹಾಗೆ ಕೆಳಗಿಟ್ಟರು.